ಪಾದ ದಾಟಿದ ಕಣ್ಣು

ನಮ್ಮೂರಿಗೆ ಹೊಸದಾಗಿ ಬಂದವರು ಮಾಡುವ ಮೊದಲ ತಪ್ಪು ಒಂದೇ. ಎದುರಿಗೆ ಬಂದ ಮಗುವಿನ ಗಲ್ಲ ಹಿಡಿದು, ಮುಖ ನೋಡಿ, "ಏನು ಪುಟ್ಟಾ, ನಿನ್ನ ಹೆಸರೇನು?" ಅಂತ ಕೇಳಿಬಿಡುತ್ತಾರೆ. ಅಷ್ಟಕ್ಕೇ ಆ ತಾಯಿ ಮಗುವಿನ ಮುಖವನ್ನ ಸೆರಗಲ್ಲಿ ಮುಚ್ಚಿಕೊಂಡು, ಬಾಯಿಗೆ ಬಂದ ಹಾಗೆ ಬೈದು, ದುರುಗುಟ್ಟಿಕೊಂಡು ಹೋಗುತ್ತಾಳೆ. ಬಂದವರಿಗೆ ತಲೆಬುಡ ತಿಳಿಯೋದಿಲ್ಲ. ಬೇರೆಯವರ ಮಗುವಿನ ಹತ್ತಿರ ಮಾತಾಡೋದಾದರೆ ಪಾದ ನೋಡಿ ಮಾತಾಡಬೇಕು. ಇದು ನಮ್ಮಲ್ಲಿ ನಡೆಯೋಕೆ ಬರೋ ಮುಂಚೆಯೇ ಕಲಿಸೋ ಮರ್ಯಾದೆ. ಹಾಗಾಗಿ ಮಕ್ಕಳನ್ನ ನಾವು ಯಾರೂ ಮುಖದಿಂದ ಗುರುತಿಸೋದಿಲ್ಲ. ಬಲಗಾಲಿನ ಮಚ್ಚೆಯವನು, ಚಪ್ಪಟೆ ಪಾದದವಳು, ಹೆಬ್ಬೆರಳ ಉಗುರು ಸೀಳಿದವನು, ಹೀಗೇ.

ಮಗು ಹೆತ್ತವರ ಕಣ್ಣಲ್ಲೇ ಬೆಳೀಬೇಕು, ಅದೂ ಹಗಲಿನ ಬೆಳಕಲ್ಲಿ. ಕಣ್ಣು ಬಿದ್ದ ದಿನ ಬೆಳೆಯುತ್ತದೆ, ಬೀಳದ ದಿನ ಇದ್ದ ಹಾಗೇ ಇರುತ್ತದೆ. ಬೇರೆಯವರ ಕಣ್ಣಲ್ಲಿ ಬೆಳೆದರೆ ಬೆಳೆದಷ್ಟೂ ಆ ಬೇರೆಯವರ ಪಾಲು, ಅವರ ರೂಪವೇ ಹತ್ತುತ್ತದೆ. ಅದಕ್ಕೇ ನಮ್ಮೂರಲ್ಲಿ ಕೆಲಸಕ್ಕೆ ಹೋಗುವವರೆಲ್ಲ ಮಕ್ಕಳನ್ನ ಕಟ್ಟಿಕೊಂಡೇ ಹೋಗುತ್ತಾರೆ. ಬಸ್ಸಿನ ಹಿಂದಿನ ಸೀಟು ಕಂಡಕ್ಟರನ ಮಕ್ಕಳದು, ಅವನು ಟಿಕೆಟ್ಟು ಹರಿಯೋದು ಹಿಂದಕ್ಕೆ ತಿರುಗಿಕೊಂಡೇ. ಪೊಲೀಸ್ ಸ್ಟೇಷನ್ನಿನಲ್ಲಿ ಕಳ್ಳ ಒಂದು ಕಡೆ ಕೂತಿದ್ದರೆ ಇನ್ಸ್‌ಪೆಕ್ಟರ ಮಗಳು ಇನ್ನೊಂದು ಕಡೆ ಕೂತು ಮಗ್ಗಿ ಹೇಳುತ್ತಿರುತ್ತಾಳೆ. ಮೇಷ್ಟರು ಶಾಲೆ ಅಂತ ಒಂದು ಇಟ್ಟುಕೊಂಡಿಲ್ಲ, ಕಾರ್ಖಾನೆಯಿಂದ ಕಾರ್ಖಾನೆಗೆ ಓಡಾಡಿ, ಸ್ಲೇಟು ಮಾತ್ರ ನೋಡಿ, ಪಾಠ ಹೇಳಿ ಹೋಗುತ್ತಾರೆ. ಬೆಳವಣಿಗೆ ಮುಗಿದ ಮೇಲೆ ಒಂದು ದಿನ ಮುಖ ತೋರಿಸೋ ಶಾಸ್ತ್ರ ಮಾಡುತ್ತೇವೆ. ಮಗುವನ್ನ ಬಾಗಿಲಲ್ಲಿ ಮಣೆ ಮೇಲೆ ಕೂರಿಸಿ, ಬಂದವರಿಗೆಲ್ಲ ಎಳ್ಳು ಬೆಲ್ಲದ ಚಿಗಳಿ ಹಂಚೋದು. ಹದಿನಾರು ವರ್ಷ ಪಕ್ಕದ ಮನೆಯಲ್ಲೇ ಇದ್ದವರು ಅವತ್ತು ಮೊದಲ ಸಲ ಮುಖ ನೋಡಿ, "ಅಯ್ಯೋ ನಿನ್ನ ಮನೆ ಕಾಯ್ವಾಗ, ಆ ಮಚ್ಚೆ ಕಾಲು ನೀನೇನೋ!" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಮ್ಮೂರಿನ ದೊಡ್ಡ ಸಂಭ್ರಮ ಅಂದರೆ ಅದೇ.

ನಾನು ಸಾಕಮ್ಮ. ನಮ್ಮಪ್ಪನಿಗೆ ಆರನೆಯ ಹೆಣ್ಣು. ಇನ್ನು ಹೆಣ್ಣು ಸಾಕಪ್ಪಾ ಅಂತ ಇಟ್ಟ ಹೆಸರು. ಕೆಲಸ ಗುಂಡಿ ಕಾರ್ಖಾನೆಯಲ್ಲಿ. ಅಂಗಿ ಗುಂಡಿ, ಕೋಟಿನ ಗುಂಡಿ, ಚಿಕ್ಕ ಮಕ್ಕಳ ಜುಬ್ಬದ ಗುಂಡಿ, ಎಲ್ಲ ತೆಂಗಿನ ಕರಟದಲ್ಲಿ ಮಾಡೋದು. ಗಂಡಸರು ಒಳಗೆ ಕರಟ ಕತ್ತರಿಸಿ, ಕೊರೆದು, ಉಜ್ಜಿ ಕಳಿಸುತ್ತಾರೆ. ನಾವು ಹೆಂಗಸರು ಹಜಾರದಲ್ಲಿ ಕೂತು ಹನ್ನೆರಡು ಹನ್ನೆರಡು ಗುಂಡಿಗಳನ್ನ ರಟ್ಟಿಗೆ ಹೊಲಿಯುತ್ತೇವೆ. ಗುಂಡಿಯ ತೂತಿಗೆ ನಾವು ಕಣ್ಣು ಅನ್ನೋದು. ಎರಡು ಕಣ್ಣಿನ ಗುಂಡಿ, ನಾಲ್ಕು ಕಣ್ಣಿನ ಗುಂಡಿ. ಒಂದೊಂದು ಸಲ ಕೊರೆಯೋ ಮೊಳೆ ಅರ್ಧಕ್ಕೇ ನಿಂತಿರುತ್ತದೆ. ಮೇಲೆ ಗುಳಿ ಬಿದ್ದಿರುತ್ತದೆ, ತೂತು ಆಚೆಗೆ ಹೋಗಿರೋದಿಲ್ಲ. ಅದು ಕುರುಡು ಗುಂಡಿ. ಅದನ್ನ ಎತ್ತಿ ಬುಟ್ಟಿಗೆ ಹಾಕಬೇಕು. ಅಪ್ಪಿತಪ್ಪಿ ರಟ್ಟಿಗೆ ಹೋದರೆ ಬಸಲಿಂಗಣ್ಣ ಮೇಸ್ತ್ರಿ ಇಡೀ ಕಟ್ಟನ್ನ ವಾಪಸ್ ತಂದು ಮಡಿಲಿಗೆ ಎಸೆಯುತ್ತಾನೆ. ಸಿಡುಕ, ಆದರೆ ಕೆಟ್ಟವನಲ್ಲ.

ಹಜಾರದ ಒಂದು ಮಗ್ಗುಲಿಗೆ ಗೋಡೆ, ಇನ್ನೊಂದು ಮಗ್ಗುಲು ಪೂರಾ ತೆರೆದದ್ದು. ಆಚೆಗೆ ಅಂಗಳ, ಅಂಗಳದಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ಮಕ್ಕಳು. ಬೆಂಚುಗಳು ಎರಡು ಸಾಲು, ಬೆನ್ನಿಗೆ ಬೆನ್ನು. ಮಕ್ಕಳಿದ್ದವರು ಅಂಗಳಕ್ಕೆ ಮುಖ ಮಾಡಿ ಕೂರೋದು. ಇಲ್ಲದವರು ಗೋಡೆಗೆ. ನಾನು ಗೋಡೆಗೆ ಮುಖ ಮಾಡಿ ಇಪ್ಪತ್ತೆರಡು ವರ್ಷ ಕೂತೆ. ಗಂಡ ಅನ್ನಿಸಿಕೊಂಡವನು ನಾಲ್ಕು ವರ್ಷ ಕಾದು, ಇನ್ನೊಬ್ಬಳನ್ನ ಕಟ್ಟಿಕೊಂಡು ಹೊಳೆ ಆಚೆಗೆ ಹೋದ. ಈಗ ಅವನಿಗೆ ಮೂರು ಮಕ್ಕಳಂತೆ. ಇರಲಿ ಬಿಡಿ. ಆ ಗೋಡೆಯಲ್ಲಿ ಎಷ್ಟು ಬಿರುಕಿದೆ, ಯಾವ ಬಿರುಕಲ್ಲಿ ಯಾವ ಹಲ್ಲಿ ಇದೆ ಅಂತ ಕೇಳಿ, ಹೇಳುತ್ತೇನೆ. ಹಿಂದುಗಡೆ ಮಕ್ಕಳು ಕೂಗಾಡೋದು, ಬಿದ್ದು ಅಳೋದು, ಮಗ್ಗಿ ತಪ್ಪು ಹೇಳೋದು ಎಲ್ಲ ಕೇಳುತ್ತಿತ್ತು. ಕೇಳೋದಕ್ಕೇನೂ ಅಡ್ಡಿ ಇಲ್ಲವಲ್ಲ.

ರುದ್ರಾಣಿ ಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ಅವಳ ಮಗಳಿಗೆ ಐದು ತಿಂಗಳು. ಗಂಡ ಜ್ವರದಲ್ಲಿ ತೀರಿಕೊಂಡು ಹದಿನೈದು ದಿನವಾಗಿತ್ತು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಮೊದಲ ದಿನವೇ, "ಅಕ್ಕಾ, ನಿನ್ನ ಬೆನ್ನಿಗೆ ಒರಗಿಕೊಳ್ಳಲಾ? ಸೊಂಟ ಬಿದ್ದುಹೋಗ್ತಿದೆ," ಅಂದಳು. ಒರಗಿಕೋ ತಾಯಿ ಅಂದೆ. ಆಮೇಲೆ ಏಳು ವರ್ಷ ನಾವಿಬ್ಬರೂ ಹಾಗೇ ಕೂತೆವು. ಅವಳು ಹೊಲಿದ ರಟ್ಟನ್ನ ಹೆಗಲ ಮೇಲಿಂದ ನನಗೆ ಕೊಡೋದು, ನಾನು ನೋಡಿ ಕಟ್ಟು ಕಟ್ಟೋದು. ಅವಳ ಮುಖಕ್ಕಿಂತ ಬೆನ್ನೇ ನನಗೆ ಚೆನ್ನಾಗಿ ಗೊತ್ತು. ನಕ್ಕರೆ ಅವಳು ಸದ್ದು ಮಾಡುತ್ತಿರಲಿಲ್ಲ, ಬೆನ್ನು ಕುಲುಕುತ್ತಿತ್ತು. ಅಂಗಳದಲ್ಲಿ ಮಗಳು ಏನೋ ಚೇಷ್ಟೆ ಮಾಡಿದಳು ಅಂತ ನನಗೆ ಗೊತ್ತಾಗುತ್ತಿದ್ದದ್ದು ಆ ಕುಲುಕಿನಿಂದ.

ಮಗಳ ಹೆಸರು ಕನಕಿ. ಅವಳ ಪಾದ ನನಗೆ ಮೊದಲ ಹೆಜ್ಜೆಯಿಂದ ಗೊತ್ತು. ದುಂಡನೆಯವು, ಬೆರಳೆಲ್ಲ ಒಂದರ ಪಕ್ಕ ಒಂದು ನೆಟ್ಟಗೆ, ಅವ್ವನ ಪಾದದ ಹಾಗೇ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬಂದು ನನ್ನ ಮುಂದೆ ನಿಲ್ಲುತ್ತಿದ್ದವು. "ದೊಡ್ಡವ್ವ, ಇವತ್ತು ಏನು ಪಲ್ಯ?" ಅಂತ ಪಾದಗಳೇ ಕೇಳಿದಂತಾಗುತ್ತಿತ್ತು ನನಗೆ. ನಾನು ಆ ಪಾದಗಳಿಗೇ ಹೇಳುತ್ತಿದ್ದೆ, "ಹೀರೇಕಾಯಿ ಕಣೇ, ಕೈ ನೀಡು." ಚಿಕ್ಕ ಕೈ ಕೆಳಗೆ ಬರುತ್ತಿತ್ತು. ಅದಕ್ಕೆ ಹಾಕುತ್ತಿದ್ದೆ. ಪ್ರತಿ ದಿನ ನನ್ನ ಪಲ್ಯದಲ್ಲಿ ಅರ್ಧ ಆ ಕೈಗೆ.

ಏಳನೆಯ ವರ್ಷ ಕನಕಿಗೆ ಮೇಲಿನ ಎರಡು ಹಾಲುಹಲ್ಲು ಬಿದ್ದವು. ಸಕಾರ ಬಂದಲ್ಲೆಲ್ಲ ಸೀಟಿ ಹೊಡೆಯುತ್ತಿತ್ತು. ಸೂಜಿ ಅಂದರೆ ಸೀಟಿ, ಬಿಸಿಲು ಅಂದರೆ ಸೀಟಿ. ಇಡೀ ಹಜಾರ ಅವಳ ಬಾಯಲ್ಲಿ ಸಾಸಿವೆ ಸಾರು ಅನ್ನಿಸಿ ಅನ್ನಿಸಿ ನಗುತ್ತಿತ್ತು. ನಾಲ್ಕು ತಿಂಗಳಾದರೂ ಸೀಟಿ ನಿಲ್ಲಲಿಲ್ಲ. ಹೊಂಗೆ ಮರದ ಬೊಡ್ಡೆಯಲ್ಲಿ ಪ್ರತಿ ಅಮಾವಾಸ್ಯೆಗೆ ಮಕ್ಕಳ ಎತ್ತರಕ್ಕೆ ಮೇಸ್ತ್ರಿ ಗೀರು ಹಾಕುತ್ತಾನೆ, ಕಣ್ಣು ಮುಚ್ಚಿಕೊಂಡು, ತಲೆ ಮೇಲೆ ಕೈ ಇಟ್ಟು. ನಾಲ್ಕು ಅಮಾವಾಸ್ಯೆ ಅವನ ಕತ್ತಿ ಕನಕಿಯ ಹಳೇ ಗೀರಿಗೇ ಬಂದು ನಿಂತಿತು. "ಏನಮ್ಮಾ ರುದ್ರಾಣಿ, ಕೆಲಸ ಮಾಡ್ತಾ ಮಾಡ್ತಾ ನಿದ್ದೆ ಹೊಡೀತೀಯಾ ಏನು? ಮಗು ಕಡೆ ನೋಡೋದಲ್ವಾ?" ಅಂತ ಮೇಸ್ತ್ರಿ ಗದರಿಸಿದ. ಅವಳು ನಕ್ಕಳು. ಆದರೆ ಬೆನ್ನು ಕುಲುಕಲಿಲ್ಲ.

ಅದೇ ವಾರ ಅವಳ ರಟ್ಟಿನಲ್ಲಿ ನನಗೆ ಮೊದಲ ಕುರುಡು ಗುಂಡಿ ಸಿಕ್ಕಿತು. ಸೂಜಿ ತೂರದ್ದಕ್ಕೆ ದಾರವನ್ನ ಗುಂಡಿಯ ಸುತ್ತ ಸುತ್ತಿ ಬಿಗಿದಿದ್ದಳು. ಆತುರದಲ್ಲಿ ಮಾಡಿರಬೇಕು ಅಂದುಕೊಂಡು ಸದ್ದಿಲ್ಲದೆ ಬಿಚ್ಚಿ ಬೇರೆ ಹೊಲಿದೆ. ಮರುದಿನ ಮೂರು. ಅದರ ಮರುದಿನ ಒಂದೇ ರಟ್ಟಿನಲ್ಲಿ ಐದು. ಹತ್ತು ದಿನ ನನ್ನ ಕೆಲಸ ಬಿಟ್ಟು ಅವಳ ಕೆಲಸ ತಿದ್ದಿದೆ. ಹನ್ನೊಂದನೆಯ ದಿನ ಹಿಂದಕ್ಕೆ ವಾಲಿ ಪಿಸುಮಾತಲ್ಲಿ ಕೇಳಿದೆ, "ರುದ್ರಿ, ನಿನ್ನ ಕಣ್ಣಿಗೆ ಏನಾಗಿದೆಯೇ?"

ಅವಳೂ ಪಿಸುಮಾತಲ್ಲೇ ಅಂದಳು, "ನಾಗರ ಪಂಚಮಿಯಿಂದ ಹೊಗೆ ಅಕ್ಕಾ. ಒಲೆ ಹೊಗೆ ಅಂದುಕೊಂಡಿದ್ದೆ. ದೊಡ್ಡಾಸ್ಪತ್ರೆಯಲ್ಲಿ ತೋರಿಸಿದೆ. ಇದು ತಿರುಗಿ ಬರೋ ಜಾತಿದಲ್ಲ ಅಂದರು. ಅಂಗಳ ಅನ್ನೋದು ನನಗೀಗ ಒಂದು ಬೆಳಕಿನ ತುಂಡು ಅಷ್ಟೇ. ಅದರಲ್ಲಿ ಕನಕಿ ಯಾವುದು, ಮರ ಯಾವುದು, ದೇವರೇ ಬಲ್ಲ." ಬೆನ್ನು ನಡುಗುತ್ತಿತ್ತು. "ಅಕ್ಕಾ, ನನ್ನ ಮಗಳೂ ಚೆನ್ನಿ ಆಗಿಬಿಡ್ತಾಳಾ?"

ಚೆನ್ನಿ ಅಂದರೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಬಾವಿಕಟ್ಟೆಯ ಹತ್ತಿರ ಕುಂಟೆಬಿಲ್ಲೆ ಆಡುವ ಹುಡುಗಿ. ಆರು ವರ್ಷದವಳು. ನಮ್ಮವ್ವ ಚಿಕ್ಕವಳಿದ್ದಾಗ ಅವಳ ಜೊತೆ ಆಡಿದ್ದಳಂತೆ, ಆಮೇಲೆ ನಾನು ಆಡಿದೆ, ಈಗ ನನ್ನ ಅಕ್ಕಂದಿರ ಮೊಮ್ಮಕ್ಕಳು ಆಡುತ್ತಾರೆ. ಅಪ್ಪ ಅವ್ವ ಒಂದೇ ದಿನ ದೋಣಿ ಮಗುಚಿ ಹೋದರು. ಊರವರೇನೂ ಕಲ್ಲು ಮನಸ್ಸಿನವರಲ್ಲ. ಸರದಿ ಪ್ರಕಾರ ದಿನಕ್ಕೊಬ್ಬರು ಕೂತು ಅವಳ ಮುಖ ನೋಡಿದರು. ಒಂದು ಉಗುರು ಬೆಳೆಯಲಿಲ್ಲ. ಅಯ್ಯೋ ಪಾಪ ಅಂತ ನೋಡಿದರೆ ಮಗು ಬೆಳೆಯೋದಿಲ್ಲ. ತನಗೆ ಬೇಕು, ತನ್ನದು ಅಂತ ನೋಡಬೇಕು. ಹಾಗೆ ಅವಳನ್ನ ನೋಡೋರು ಯಾರೂ ಹುಟ್ಟಲಿಲ್ಲ. ಈಗಲೂ ಮನೆ ಮನೆಯಲ್ಲಿ ಊಟ ಹಾಕುತ್ತಾರೆ, ಎಣ್ಣೆ ಹಚ್ಚಿ ತಲೆ ಬಾಚುತ್ತಾರೆ. ಜೊತೆಗೆ ಆಡಿದವರು ದೊಡ್ಡವರಾಗಿ ಆಟ ಬಿಟ್ಟು ಹೋಗುವಾಗ, "ನಾಳೆ ಬರ್ತೀಯಾ?" ಅಂತ ಕೇಳುತ್ತಾಳೆ. ನನ್ನನ್ನೂ ಕೇಳಿದ್ದಳು.

"ಹಾಗೆಲ್ಲ ಏನೂ ಆಗಲ್ಲ, ಸುಮ್ಮನಿರು," ಅಂದೆ.

ರುದ್ರಾಣಿ ಸುಮ್ಮನಿರುವವಳಲ್ಲ. ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಹೊಸ್ತಿಲ ಮೇಲೆ ಮಗಳನ್ನ ಕೂರಿಸಿಕೊಂಡು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದಳು. ಮಧ್ಯಾಹ್ನ ಊಟ ಬಿಟ್ಟು ನೋಡುತ್ತಿದ್ದಳು. ಸಂಜೆ ಬೆಳಕು ಇರುವಷ್ಟು ಹೊತ್ತೂ ನೋಡುತ್ತಿದ್ದಳು. "ಅವ್ವ, ನಿನ್ನ ಉಸಿರು ಬಿಸಿ, ಸಾಕು ಬಿಡು," ಅಂತ ಕನಕಿ ಸೀಟಿ ಹೊಡೆದುಕೊಂಡು ಕೊಸರಾಡುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ರುದ್ರಾಣಿ ನನಗೆ ಅಂದಳು, "ಅಕ್ಕಾ, ಜಾಗ ಬದಲಾಯಿಸಿಕೊಳ್ಳೋಣ. ಗೋಡೆ ಕಡೆ ಮೇಲೆ ಕಿಟಕಿ ಇದೆ, ಬೆಳಕು ನೇರ ಕೈ ಮೇಲೆ ಬೀಳತ್ತೆ. ಕೆಲಸ ಹೋದರೆ ಅಂಗಳವೂ ಹೋಗತ್ತೆ. ಮಗೂನ ಹತ್ತಿರದಿಂದ ನೋಡೋ ಹೊತ್ತಿಗೆ ನೋಡ್ಕೋತೀನಿ."

ಮೇಸ್ತ್ರಿ ಹುಬ್ಬು ಗಂಟಿಕ್ಕಿದ. ಮಕ್ಕಳಿಲ್ಲದವಳು ಅಂಗಳಕ್ಕೆ ಮುಖ ಮಾಡೋದು ಹಿಂದೆ ಯಾವತ್ತೂ ನಡೆದದ್ದಲ್ಲ. ಕೊನೆಗೆ, "ಪಾದ ದಾಟಲ್ಲ ಅಂತ ಆಣೆ ಮಾಡು," ಅಂದ. ನಾನು ರುದ್ರಾಣಿಯ ತಲೆ ಮೇಲೆ ಕೈ ಇಟ್ಟು ಪಾದ ದಾಟಲ್ಲ ಅಂದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ.

ಇಪ್ಪತ್ತೆರಡು ವರ್ಷದ ಮೇಲೆ ಗೋಡೆ ಬಿಟ್ಟು ಬೇರೆ ಏನನ್ನಾದರೂ ಎದುರಿಗೆ ಇಟ್ಟುಕೊಂಡು ಕೂತದ್ದು ಅದೇ ಮೊದಲು. ಎಷ್ಟು ಬೆಳಕು! ಧೂಳಲ್ಲಿ ಇಪ್ಪತ್ತು ಮೂವತ್ತು ಪಾದ ಓಡಾಡೋದನ್ನ ನೋಡುತ್ತಾ ಎರಡು ತಿಂಗಳು ಕೂತೆ. ಕತ್ತು ನೋಯುತ್ತಿತ್ತು. ಮಂಡಿಯವರೆಗೆ ಬಂದ ಕಣ್ಣನ್ನ ಮತ್ತೆ ಕೆಳಗೆ ಎಳೆದುಕೊಳ್ಳುತ್ತಿದ್ದೆ. ನೆಪ ಹೇಳಬೇಕು ಅಂದರೆ ಹೇಳಬಹುದು. ಮಗು ಮರದಿಂದ ಬಿತ್ತು, ಹಾವು ಬಂತು, ಅದಕ್ಕೇ ತಲೆ ಎತ್ತಿದೆ ಅಂತ. ಯಾವ ಮಗುವೂ ಬೀಳಲಿಲ್ಲ, ಯಾವ ಹಾವೂ ಬರಲಿಲ್ಲ. ಯುಗಾದಿಯ ಮಾರನೆಯ ದಿನ, ಸುಮಾರು ಹನ್ನೊಂದು ಗಂಟೆ ಇರಬಹುದು, ಕನಕಿ ಬಂದು ನನ್ನ ಮುಂದೆ ನಿಂತಳು. "ದೊಡ್ಡವ್ವ, ನಿನ್ನ ಹಿಂದೆ ಅವ್ವ ಅಳ್ತಿದಾಳಾ? ಇಲ್ಲಿಂದ ಕಾಣಿಸ್ತಿಲ್ಲ," ಅಂದಳು. ಆ ಸೀಟಿಯಲ್ಲಿ. ನಾನು ತಲೆ ಎತ್ತಿದೆ.

ಕಪ್ಪಗೆ, ಗುಂಡಗೆ, ಹಣೆ ತುಂಬ ಬೆವರು. ಎರಡು ಹಲ್ಲಿನ ಜಾಗ ಖಾಲಿ. ಏಳು ವರ್ಷ ನನ್ನ ಕೈಯಿಂದ ಪಲ್ಯ ತಿಂದ ಮಗುವಿನ ಮುಖ ಹೀಗಿತ್ತು. ಕನಕಿ ಬೆಚ್ಚಿದಳು. ಬುದ್ಧಿ ಬಂದಮೇಲೆ ಅವಳ ಮುಖವನ್ನ ಅವ್ವ ಅಲ್ಲದೆ ಇನ್ನೊಬ್ಬ ದೊಡ್ಡವರು ನೋಡಿದ್ದು ಅದೇ ಮೊದಲಲ್ಲವೇ? ಆದರೆ ಓಡಲಿಲ್ಲ. ನನ್ನ ಕಣ್ಣನ್ನೇ ನೋಡಿ, ಬಾಯಿ ಬಿಟ್ಟು ನಕ್ಕಳು. ಆಮೇಲೆ ನಾನು ಕಣ್ಣು ಇಳಿಸಲೇ ಇಲ್ಲ.

ತಿಂಗಳಾಗಿರಬಹುದು, ಒಂದು ಮಧ್ಯಾಹ್ನ ಕನಕಿ ಸೂಜಿ ಬೇಕು ಅಂತ ಕೇಳಿದಳು. ಸೀಟಿ ಇರಲಿಲ್ಲ. ನನ್ನ ಕೈ ನಿಂತಿತು. ಹಿಂದೆ ರುದ್ರಾಣಿಯ ಬೆನ್ನೂ ಕಲ್ಲಾಯಿತು. "ಏನಂದೆ? ಇನ್ನೊಂದು ಸಲ ಅನ್ನು," ಅಂದಳು. ಸೂಜಿ. ಸಾಸಿವೆ ಅನ್ನು. ಸಾಸಿವೆ. ರುದ್ರಾಣಿ ಮಡಿಲಲ್ಲಿದ್ದ ಗುಂಡಿಯೆಲ್ಲ ಚೆಲ್ಲಾಡಿ ಎದ್ದು, ಮಗಳ ಬಾಯಿಗೆ ಬೆರಳು ಹಾಕಿ ನೋಡಿದಳು. ಹೊಸ ಹಲ್ಲಿನ ತುದಿ. "ಬಂತು ಕಣ್ರೇ! ಹಲ್ಲು ಬಂತು! ನನ್ನ ಕಣ್ಣು ಇನ್ನೂ ಸತ್ತಿಲ್ಲ ಕಣೇ ಅಕ್ಕಾ!" ಅಂತ ನನ್ನನ್ನ ತಬ್ಬಿಕೊಂಡು ಅತ್ತಳು. ಆ ಅಮಾವಾಸ್ಯೆಗೆ ಗೀರು ಅರ್ಧ ಬೆರಳು ಮೇಲಕ್ಕೆ ಹೋಯಿತು. ಹಜಾರಕ್ಕೆಲ್ಲ ಪುರಿ ಬೆಲ್ಲ ಹಂಚಿದಳು. ನನಗೆ ಎರಡು ಹಿಡಿ ಹಾಕಿದಳು. ನಾನು ಅದನ್ನ ತಿಂದೆ. ಹೇಗೆ ತಿಂದೆನೋ ಗೊತ್ತಿಲ್ಲ, ತಿಂದೆ.

ಹೇಳಿಬಿಡಬೇಕಿತ್ತು. ಅವತ್ತೇ ಹೇಳಬೇಕಿತ್ತು. ಆದರೆ ಹೇಳಿದರೆ ಅವಳ ಸಂತೋಷ ಹೋಗುತ್ತದೆ, ನೋಡೋದು ನಿಲ್ಲಿಸಿದರೆ ಮಗು ನಿಲ್ಲುತ್ತದೆ. ಇದು ನಾನು ನನಗೇ ಹೇಳಿಕೊಂಡ ನ್ಯಾಯ. ನಿಜ ಹೇಳಲಾ? ಬೆಳಗಾದರೆ ಸಾಕು, ಯಾವಾಗ ಬೆಂಚಿಗೆ ಹೋಗಿ ಕೂರುತ್ತೇನೋ ಅನ್ನಿಸುತ್ತಿತ್ತು. ಭಾನುವಾರ ಬಂದರೆ ಜೀವ ಹೋದ ಹಾಗಾಗುತ್ತಿತ್ತು. ಕನಕಿ ಹಗ್ಗ ಜಿಗಿಯೋದು, ಸ್ಲೇಟಿಗೆ ಉಗುಳು ಹಚ್ಚಿ ಒರೆಸೋದು, ಸಿಟ್ಟು ಬಂದರೆ ಕೆಳತುಟಿ ಮುಂದೆ ತರೋದು, ಎಲ್ಲ ನಾನು ನೋಡಿದೆ. ಹಿಂದೆ ಅವಳ ತಾಯಿ ಗೋಡೆಯ ಕಡೆ ತಿರುಗಿ ಗುಂಡಿ ತಡವುತ್ತಾ ಕೂತಿದ್ದಳು. ನಮ್ಮ ಬೆನ್ನು ಒಂದಕ್ಕೊಂದು ಒರಗಿಕೊಂಡೇ ಇದ್ದವು.

ಮೊದಲು ಪತ್ತೆ ಹಚ್ಚಿದವಳು ಜೈತುನ್‌ಬಿ. ನನ್ನ ಪಕ್ಕದ ಬೆಂಚಿನವಳು, ಅವಳಿ ಗಂಡುಮಕ್ಕಳ ತಾಯಿ, ಬಾಯಿ ಜಾಸ್ತಿ, ಮನಸ್ಸು ಮೆತ್ತಗೆ. ದಸರಾ ಮುಗಿದಿತ್ತು. ಮಕ್ಕಳು ನೀರು ಕುಡಿಯಲು ಸಾಲಾಗಿ ಬಂದು ನಿಂತಿದ್ದರು. ಜೈತುನ್‌ಬಿ ಎಂದಿನ ಹಾಗೆ ಪಾದ ನೋಡಿ ನೋಡಿ ಲೋಟ ಕೊಡುತ್ತಿದ್ದವಳು ತಟ್ಟನೆ ನಿಂತಳು. ನನ್ನ ಕಾಲು ನೋಡಿದಳು, ಮತ್ತೆ ಆ ಸಾಲು ನೋಡಿದಳು. ನನಗೆ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿದೆ, ಹುಟ್ಟಿನಿಂದ. ನಮ್ಮಪ್ಪನಿಗೂ ಹಾಗೇ ಇತ್ತು. ಜೈತುನ್‌ಬಿ ನನ್ನ ಕಿವಿಗೆ ಬಗ್ಗಿ, "ಲೇ ಸಾಕಮ್ಮ, ನಿನ್ನ ಕಾಲು ಅಲ್ಲಿ ನಿಂತು ನೀರು ಕುಡೀತಾ ಇದೆ," ಅಂದಳು. ನಾನು ಕಾಲನ್ನ ಸೀರೆಯ ಅಂಚಿನೊಳಗೆ ಎಳೆದುಕೊಂಡೆ. "ಅಲ್ಲಾ, ಏನು ಮಾಡಿಬಿಟ್ಟೆಯೇ," ಅಂದಳು. ಆಮೇಲೆ ಒಂದು ಚೊಂಬು ನೀರು ತಂದು ಅಂಗಳದ ಧೂಳಿಗೆ ಹೊಯ್ದು, ಮಕ್ಕಳ ಕಾಲಿಗೆಲ್ಲ ಕೆಸರು ಮೆತ್ತಿಸಿ ಕಳಿಸಿದಳು. ಮೇಸ್ತ್ರಿಗೆ ಕಾಣದಿರಲಿ ಅಂತ. ಎಷ್ಟು ದಿನ ಅಂತ ಕೆಸರು ಮೆತ್ತೋದು?

ಕೊನೆಗೆ ಕೆಡಿಸಿದ್ದು ರುದ್ರಾಣಿಯ ಸಂಭ್ರಮವೇ. ಮಗಳು ಬೆಳೆದು ಹಳೇ ಗೆಜ್ಜೆ ಬಿಗಿಯಾಗಿತ್ತು. ಹೊಸ ಗೆಜ್ಜೆ ತಂದಳು. ಆ ಹೊತ್ತಿಗೆ ಅವಳಿಗೆ ಹಗಲು ಯಾವುದು ಅನ್ನೋದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ, ಒಳಗಿನ ಕಣ್ಣು ನೋಡ್ತಾ ಇದೆ ಅಕ್ಕಾ, ಇಲ್ಲದಿದ್ದರೆ ಬೆಳೀತಿದ್ದಳಾ, ಅನ್ನುತ್ತಿದ್ದಳು. ಬೆಳಗ್ಗೆ ಮನೆಯಲ್ಲಿ ತಾನೇ ಕೂತು ತೊಡಿಸಿದ್ದಾಳೆ. ಕನಕಿ ಝಲ್ ಝಲ್ ಅಂತ ಅಂಗಳಕ್ಕೆ ಓಡಿದಳು. ರುದ್ರಾಣಿ ಬಂದು ಕೂತಳು. ಒರಗಲಿಲ್ಲ. ಬುತ್ತಿಯ ಹೊತ್ತಿಗೆ ಎಲ್ಲರೂ ಮರದ ಕಡೆ ಹೋದ ಮೇಲೆ, ನೆಲದ ಮೇಲೆ ಕೂತು ಕೈ ಚಾಚಿದಳು. "ಸಾಕಕ್ಕ, ನಿನ್ನ ಕಾಲು ಕೊಡು."

ಕೊಟ್ಟೆ. ಅವಳ ಮಡಿಲಲ್ಲಿ ಇಟ್ಟೆ. ಹೆಬ್ಬೆರಳಿಂದ ಶುರು ಮಾಡಿ ಒಂದೊಂದೇ ಬೆರಳು ಮುಟ್ಟುತ್ತಾ ಬಂದಳು. ಕಿರುಬೆರಳಿಗೆ ಬಂದು ನಿಂತಳು.

"ಯಾವತ್ತಿನಿಂದ?"

"ಯುಗಾದಿ ಮಾರನೇ ದಿನದಿಂದ."

"ಹಲ್ಲು?"

"ಹಲ್ಲೂ."

ನನ್ನ ಕಾಲನ್ನ ದೂಡಿಬಿಟ್ಟಳು. "ಪುರಿ ಬೆಲ್ಲ ತಿಂದೆಯಲ್ಲೇ, ಪಾಪಿ! ನನ್ನ ಕೈಯಿಂದಾನೇ ಈಸಿಕೊಂಡು ತಿಂದೆಯಲ್ಲೇ! ನನ್ನ ತಲೆ ಮುಟ್ಟಿ ಆಣೆ ಮಾಡಿದ್ದೆಯಲ್ಲೇ!" ಅಂತ ಎದೆ ಎದೆ ಬಡಿದುಕೊಂಡಳು. ಅವಳ ಕೂಗಿಗೆ ಮೇಸ್ತ್ರಿ ಬಂದ, ಜೈತುನ್‌ಬಿ ಬಂದಳು, ಎಲ್ಲರೂ ಬಂದರು. ನಾನು ಬಗ್ಗಿಸಿದ ತಲೆ ಎತ್ತಲಿಲ್ಲ. ಕಣ್ಣುಗಳ್ಳಿ ಅಂತ ಯಾರೋ ಅಂದರು. ನಮ್ಮೂರಲ್ಲಿ ಆ ಮಾತು ಬಿದ್ದವರು ಊರು ಬಿಡೋದೇ. ಮೇಸ್ತ್ರಿ ನನ್ನ ಸೂಜಿ ಡಬ್ಬಿ ಎತ್ತಿ ಹೊರಗಿಟ್ಟ. ನಾನು ಎದ್ದೆ. ಸರಿಯಾದ ಶಿಕ್ಷೆಯೇ ಅಂತ ನನಗೂ ಅನ್ನಿಸಿತ್ತು.

"ತಡೀರಿ," ಅಂದಳು ರುದ್ರಾಣಿ. ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ನಿಂತಿದ್ದ ಕಡೆ ಸರಿಯಾಗಿ ತಿರುಗಲು ಆಗದೆ ಸ್ವಲ್ಪ ಪಕ್ಕಕ್ಕೆ ತಿರುಗಿ ಕೇಳಿದಳು. "ಒಂದು ಹೇಳು. ಅಯ್ಯೋ ಪಾಪ ಅಂತ ನೋಡಿದೆಯಾ?"

"ಇಲ್ಲ."

"ಮತ್ತೆ?"

"ಬೇಕು ಅಂತ ನೋಡಿದೆ," ಅಂದೆ. ಅಷ್ಟು ಜನರ ಮುಂದೆ. "ನನ್ನದು ಅಂತ ನೋಡಿದೆ."

ಮರದ ಹತ್ತಿರ ಗೆಜ್ಜೆ ಸದ್ದು ಕೇಳುತ್ತಿತ್ತು. ರುದ್ರಾಣಿ ಆ ಸದ್ದಿನ ಕಡೆ ಕಿವಿ ಕೊಟ್ಟಳು. ಆಮೇಲೆ, "ಅವಳ ಡಬ್ಬಿ ವಾಪಸ್ ಇಡಿ ಮೇಸ್ತ್ರಿಗಳೇ," ಅಂದಳು.

"ಏನಮ್ಮಾ ಇದು? ಮುಖ ತೋರಿಸೋ ದಿನ ಆ ಮಗು ಮಣೆ ಮೇಲೆ ಕೂತರೆ ಊರಿಗೆ ಊರೇ ನೋಡತ್ತೆ, ಇವಳ ಮುಖ ಅಂತ. ನಿನ್ನದು ಅಂತ ಏನು ಉಳಿಯತ್ತೆ?" ಅಂದ ಮೇಸ್ತ್ರಿ.

"ನೋಡಲಿ. ಅಂತೂ ಮಣೆ ಮೇಲೆ ಕೂರೋ ದಿನ ಬರತ್ತಲ್ಲ," ಅಂದಳು. ಆಮೇಲೆ ನನಗೆ ಅಂದಳು, "ಇನ್ನು ಬೇಡ, ಸಾಕು ಅಂತ ಇಟ್ಟ ಹೆಸರಲ್ಲ ಕಣೇ ನಿಂದು. ಸಾಕು ಅಂತಾನೇ ಇಟ್ಟಿದ್ದಾನೆ ನಿಮ್ಮಪ್ಪ, ಸಾಕಿ ಬೆಳೆಸು ಅಂತ. ಕೂತ್ಕೋ. ನೋಡು."

ಮತ್ತೆ ಬೆನ್ನಿಗೆ ಬೆನ್ನು ಕೂತೆವು. ಅವತ್ತಿನಿಂದ ಅವಳ ಕೆಲಸ ಬದಲಾಯಿತು. ಕುರುಡು ಗುಂಡಿ ಹುಡುಕೋದಕ್ಕೆ ಕಣ್ಣಿಗಿಂತ ಬೆರಳೇ ವಾಸಿ ಅಂತ ಗೊತ್ತಾಯಿತು. ಗುಂಡಿಗಳ ರಾಶಿಗೆ ಕೈ ಹಾಕಿ ಕುರುಡನ್ನೆಲ್ಲ ಆರಿಸಿ ತೆಗೆಯುತ್ತಾಳೆ, ಒಂದೂ ತಪ್ಪೋದಿಲ್ಲ. ಮೇಸ್ತ್ರಿ ಈಗ ಅವಳ ಕಟ್ಟು ಮುಟ್ಟಿಯೂ ನೋಡೋದಿಲ್ಲ. ಪ್ರತಿ ಸಂಜೆ ನನ್ನನ್ನ ಕೇಳುತ್ತಾಳೆ, "ಹೇಗಿದ್ದಾಳೆ ಅಕ್ಕಾ ಇವತ್ತು?" ನಾನು, "ನಿನ್ನ ಹಾಗೇ," ಅನ್ನುತ್ತೇನೆ. ಹೂಂ ಅನ್ನುತ್ತಾಳೆ. ಆಮೇಲೆ ಮಗಳನ್ನ ಕರೆದು ತಲೆ ಬಾಚುತ್ತಾಳೆ. ಹಣೆ, ಹುಬ್ಬು, ಕಿವಿ, ಗಲ್ಲ, ಎಲ್ಲದರ ಮೇಲೂ ಬೆರಳು ಹೋಗುತ್ತದೆ. ಗುಂಡಿಯ ಕಣ್ಣಿನಷ್ಟು ಚಿಕ್ಕ ತೂತು ಗೊತ್ತಾಗುವ ಬೆರಳಿಗೆ ಅಗಲ ಕಿವಿ ಗೊತ್ತಾಗೋದಿಲ್ಲವೇ? ನನ್ನ ಕಿವಿ ಅಗಲ. ಅವಳದು ಚಿಕ್ಕದು.

ಹೀಗೇ ಎರಡು ವರ್ಷ ಆಯಿತು. ಹೋದ ವಾರದ ಮಾತು. ಮಧ್ಯಾಹ್ನ, ರುದ್ರಾಣಿ ಬೆಂಚು ಬಿಟ್ಟು ಎದ್ದು ಹಜಾರದ ಮೆಟ್ಟಿಲ ಹತ್ತಿರ ಬಿಸಿಲಿಗೆ ನಿಂತಿದ್ದಳು, ನಾನು ಅವಳಿಂದ ಒಂದು ಮಾರು ಈಚೆಗೆ ಕೂತಿದ್ದೆ. ಕನಕಿ ಹಗ್ಗ ಜಿಗಿಯುತ್ತಾ ಮುಗ್ಗರಿಸಿ ಬಿದ್ದಳು. ಮಂಡಿ ತರಚಿ ರಕ್ತ ಬಂತು. "ಅವ್ವಾ!" ಅಂತ ಕೂಗಿ ಓಡಿಬಂದಳು. ರುದ್ರಾಣಿ ಆ ಕೂಗಿಗೆ ಎರಡೂ ತೋಳು ಚಾಚಿದಳು. ಗೆಜ್ಜೆ ಸದ್ದು ಹತ್ತಿರ ಬಂತು, ಬಂತು, ಅವಳನ್ನ ದಾಟಿ ನನ್ನ ಮಡಿಲ ಹತ್ತಿರ ನಿಂತಿತು. ಮಗು ನನ್ನ ಹೊಟ್ಟೆಗೆ ಮುಖ ಒತ್ತಿ ಅಳುತ್ತಿತ್ತು.

ಅವಳ ತೋಳು ಇನ್ನೂ ಚಾಚಿಕೊಂಡೇ ಇದ್ದವು. ನಾನು ಸದ್ದು ಮಾಡದೆ ಮಗುವಿನ ಹೆಗಲು ಹಿಡಿದು ಬಿಡಿಸಿಕೊಂಡೆ. ಬಿಡಿಸಿಕೊಳ್ಳೋದು ಸುಲಭ ಇರಲಿಲ್ಲ. ಕನಕಿ ನನ್ನ ಮುಖ ನೋಡಿದಳು. ಹೋಗು ಅಂತ ಕಣ್ಣಲ್ಲೇ ಹೇಳಿ, ಆ ತೋಳುಗಳ ಕಡೆ ತಿರುಗಿಸಿ ಮೆಲ್ಲಗೆ ದೂಡಿದೆ. ಗೆಜ್ಜೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಯಿತು.

"ಬಂದೆಯಾ ಮಗಳೇ," ಅಂತ ರುದ್ರಾಣಿ ಬಿಗಿಯಾಗಿ ತಬ್ಬಿಕೊಂಡಳು. ಹೆಜ್ಜೆ ಮೊದಲು ಎಲ್ಲಿ ನಿಂತಿತ್ತು ಅನ್ನೋದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿದೆ. ಆದರೆ ಅವಳು ಆ ಮಾತೆತ್ತಲಿಲ್ಲ. ಮಗಳ ತಲೆ ತನ್ನ ಎದೆಗೆ ಬರುತ್ತಿತ್ತು. ಅದರ ಮೇಲೆ ಗಲ್ಲ ಊರಿ, "ಎಷ್ಟು ಎತ್ತರ ಆಗಿಬಿಟ್ಟಳೇ ಅಕ್ಕಾ! ನೋಡ್ತಾ ಇದೀಯಾ?" ಅಂದಳು.

"ನೋಡ್ತಾ ಇದೀನಿ," ಅಂದೆ.

ಸುಳ್ಳು. ನನಗೆ ಆಗ ಏನೂ ಕಾಣುತ್ತಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಬೇಗ ಬೇಗ ಸೆರಗಿನಿಂದ ಒರೆಸಿಕೊಂಡೆ. ಹಗಲು ಇನ್ನೂ ಇತ್ತು, ಮಗು ಬೆಳೆಯುವ ಹೊತ್ತು.